ಕ್ಲಾಸಿಗೆ ಬಾರದ ಗಂಡನಿಗೆ

ಡ್ವೈಟ್,

ಹೆಸರಿನ ಹಿಂದೆ ಪ್ರೀತಿಯ ಮಾತೊಂದನ್ನು ಸೇರಿಸಲು ಕೈ ಬರಲಿಲ್ಲ. ಅದಿಲ್ಲದೆ ನೀನೇನೂ ಸೊರಗುವುದಿಲ್ಲ. ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಕಾಗದ. ಇದನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ, ಹರಿದು ಹಾಕಬಹುದು ಅಷ್ಟೆ. ಹರಿಯುವ ಮುಂಚೆ ಪೂರ್ತಿ ಓದು. ಕೊನೆಯಲ್ಲಿ ನೀನು ಮಾಡಬೇಕಾದ ಕೆಲಸವೊಂದಿದೆ.

ಎಮ್ಮೆಟ್ ಹೋಗಿಬಿಟ್ಟ. ಷೆಲ್ಬಿ ನಿನಗೆ ಹೇಳಿರುತ್ತಾಳೆ. ನಮ್ಮ ಮಗಳು ನಿನ್ನ ಪಾಲಿಗೆ ಇನ್ನೂ ಒಳ್ಳೆಯವಳೇ, ಆ ಗುಣ ನನ್ನಿಂದ ಬಂದದ್ದಲ್ಲ. ಆದರೆ ಅವನು ಹೇಗೆ ಹೋದ, ಹೋಗುವಾಗ ನಾನು ಅವನಿಗೆ ಏನಾಗಿದ್ದೆ, ಅದರಲ್ಲಿ ನಿನ್ನ ಕೈವಾಡ ಎಷ್ಟು ಅನ್ನುವುದನ್ನು ಅವಳು ಹೇಳಿರಲಾರಳು. ಅದನ್ನು ನಾನೇ ಹೇಳಬೇಕು.

ಅವನ ಶ್ವಾಸಕೋಶ ಕೈಕೊಟ್ಟ ಮೇಲೆ ಆಸ್ಪತ್ರೆಯವರು ಮನೆಗೆ ಕಳಿಸಿದರು. ಮುಂದಿನ ಕೋಣೆಯಲ್ಲಿ, ಕಿಟಕಿಯ ಹತ್ತಿರ ಮಂಚ ಹಾಕಿದೆವು. ಅವನು ಅಷ್ಟು ವರ್ಷ ಓಡಿಸಿದ ಸ್ಕೂಲ್ ಬಸ್ಸು ದಿನಾ ಅಲ್ಲಿಯೇ ಹಾದುಹೋಗುತ್ತಿತ್ತು. ಹೊಸ ಡ್ರೈವರ್ ತಿರುವಿನಲ್ಲಿ ಬ್ರೇಕ್ ಹಾಕುವುದು ತಡ ಮಾಡುತ್ತಾನೆಂದು ಮಲಗಿದಲ್ಲಿಂದಲೇ ಬೈಯುತ್ತಿದ್ದ. ನೋಡಿಕೊಳ್ಳಲು ಬರುತ್ತಿದ್ದ ನರ್ಸ್ ಒಂದು ದಿನ ಮೆಲ್ಲಗೆ ವಿಷಯ ತೆಗೆದಳು. ನಾವು ಮದುವೆಯಾಗಿಲ್ಲ. ಹಾಗಾಗಿ ಮುಂದೆ ಚಿಕಿತ್ಸೆ, ಅಂತ್ಯಕ್ರಿಯೆ ಎಲ್ಲವನ್ನೂ ತೀರ್ಮಾನಿಸುವವನು ಇಂಡಿಯಾನಾದಲ್ಲಿರುವ ಅವನ ಅಣ್ಣನ ಮಗ. ಅದು ಬೇಡವಾದರೆ ದಾರಿ ಎರಡು: ಸಾಕ್ಷಿಗಳ ಮುಂದೆ ನನ್ನ ಹೆಸರಿಗೆ ಒಂದು ಅಧಿಕಾರಪತ್ರ ಮಾಡುವುದು, ಇಲ್ಲವೇ ಮದುವೆ. ಎಮ್ಮೆಟ್ ನಕ್ಕ. "ಸಹಿ ಹಾಕ್ಲೇಬೇಕು ಅಂದ್ರೆ ಮದುವೆ ಕಾಗದಕ್ಕೇ ಹಾಕ್ತೀನಿ ಕಣಮ್ಮ. ಇಷ್ಟು ವರ್ಷ ಇವಳ ಕೈಯಡುಗೆ ಬಿಟ್ಟಿ ತಿಂದಿದ್ದೀನಿ, ಸಾಯೋಕೆ ಮುಂಚೆ ಮರ್ಯಾದಸ್ಥ ಆಗ್ಬಿಡೋಣ" ಅಂದ. ನನ್ನ ಕಡೆ ತಿರುಗಿ, "ಏನಂತೀಯ ವೆಲ್ಡಾ, ಒಪ್ಕೋತೀಯಾ? ಇಲ್ಲಾಂದ್ರೆ ಬೇರೆ ಹುಡುಗಿ ನೋಡ್ಕೋತೀನಿ" ಅಂದ. ನಿನ್ನ ಜೊತೆ ಬಾಳಿದ ಮೇಲೆ ಮದುವೆ ಅನ್ನುವ ಮಾತೇ ಬೇಡವೆಂದು ಕುಳಿತಿದ್ದವಳು ನಾನು. ಅವನಿಗೆ ಹೂಂ ಅಂದೆ. ಬಿಳಿ ಅಂಗಿ ಇಸ್ತ್ರಿ ಮಾಡಿ ನೇತುಹಾಕಿದೆ. ಚರ್ಚಿನ ಹೆಂಗಸರು ಕೇಕಿನ ಉಸ್ತುವಾರಿ ಹೊತ್ತುಕೊಂಡರು.

ಮಾರ್ಲೋ ಕೌಂಟಿ ಕೋರ್ಟಿನಲ್ಲಿ ಮದುವೆ ಲೈಸೆನ್ಸ್ ಕೊಡುವವರು ಒಳ್ಳೆಯವರೇ. ರೋಗಿ ಏಳಲಾರನಾದರೆ ಮನೆಗೇ ಬಂದು ಸಹಿ ಹಾಕಿಸಿಕೊಳ್ಳುತ್ತೇವೆ ಅಂದರು. ಒಂದೇ ಕೇಳಿದ್ದು, ನನ್ನ ಹಳೆಯ ವಿಚ್ಛೇದನದ ಡಿಕ್ರಿಯ ನಕಲು, ಕೋರ್ಟಿನ ಮುದ್ರೆ ಇರುವಂಥದ್ದು. ನಿಮ್ಮ ಹತ್ತಿರವೇ ಇರಬೇಕಲ್ಲ, ಹುಡುಕಿ ಅಂದೆ. ಮದುವೆಯಾದದ್ದು ಇದೇ ಕೌಂಟಿಯಲ್ಲಿ, ನಾನು ಇಲ್ಲಿಂದ ಎಲ್ಲಿಗೂ ಹೋದವಳಲ್ಲ. ಹುಡುಕಿದರು, ಇಲ್ಲ. ರಾಜಧಾನಿಯ ಆರೋಗ್ಯ ಇಲಾಖೆಗೆ ಫೋನ್ ಮಾಡಿದರೆ ಅರ್ಧ ಗಂಟೆ ಸಂಗೀತ ಕೇಳಿಸಿ, ನಾವು ಅದರ ನಕಲು ಕೊಡುವುದಿಲ್ಲ, ಕೌಂಟಿಯನ್ನೇ ಕೇಳಿ ಅಂದರು. ಮತ್ತೆ ಮಾರ್ಲೋಗೆ ಹೋದೆ. ಅಲ್ಲಿದ್ದ ದಪ್ಪ ಕನ್ನಡಕದ ಹೆಂಗಸು ಹೇಳಿದಳು: "ತಾಯಿ, ಕಟ್ಟಿದ ಕಡೆ ಬಿಚ್ಚಲ್ಲ. ಕೇಸ್ ಹಾಕಿದ ಕಡೆ ಬಿಚ್ತಾರೆ. ಕೇಸ್ ಹಾಕಿದ್ದು ಯಾರು? ಆಗ ಅವ್ರು ಎಲ್ಲಿದ್ರು?"

ಹಾಕಿದವನು ನೀನು. ಆಗ ನೀನು ಹೆಸ್ಟನ್ ಕೌಂಟಿಯಲ್ಲಿ, ನಿನ್ನ ತಮ್ಮನ ಗ್ಯಾರೇಜಿನ ಮೇಲೆ ಬಿದ್ದುಕೊಂಡಿದ್ದೆ. ಎಮ್ಮೆಟ್‌ನನ್ನು ನೋಡಿಕೊಳ್ಳಲು ಷೆಲ್ಬಿಗೆ ಹೇಳಿ ನಾನು ಹೆಸ್ಟನ್‌ಗೆ ಹೊರಟೆ.

ಹೆಸ್ಟನ್ ಕೋರ್ಟಿನ ಬಾಗಿಲಲ್ಲಿ ಪೊಲೀಸಿನವನು ನನ್ನ ಚೀಲದಿಂದ ತರಕಾರಿ ಚಾಕು ತೆಗೆದಿಟ್ಟುಕೊಂಡ. ನಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಿಂದ ನೆಟ್ಟಗೆ ಬಂದಿದ್ದೆ. ಆ ಚಾಕು ಹೊರಗೆ ಉಳಿದದ್ದು ಒಳ್ಳೆಯದೇ ಆಯಿತು. ಕೌಂಟರಿನ ಗುಮಾಸ್ತೆಯ ಹೆಸರು ಮೇವಿಸ್. ಆಗಿನ ನಮ್ಮಿಬ್ಬರ ಹೆಸರು, ಸುಮಾರಾಗಿ ಯಾವ ವರ್ಷ ಅನ್ನುವುದು, ಅಷ್ಟು ಸಾಕೆಂದಳು. ಹಳೆಯ ಕಡತಗಳು ನೆಲಮಾಳಿಗೆಯಲ್ಲಿ, ಹೋಗಿ ತಂದಳು. ನಾನು ನಿಟ್ಟುಸಿರು ಬಿಟ್ಟೆ. ಸಿಕ್ಕಿತಲ್ಲ, ಸಂಜೆಗೆ ಎಮ್ಮೆಟ್‌ಗೆ ತೋರಿಸಬಹುದು ಅಂದುಕೊಂಡೆ. ಅವಳು ಕೊನೆಯ ಹಾಳೆ ತೆಗೆದು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಕನ್ನಡಕ ತೆಗೆದಳು.

"ಇದ್ರಲ್ಲಿ ಡಿಕ್ರಿ ಇಲ್ಲ ಕಣಮ್ಮ. ಕೇಸ್ ವಜಾ ಆಗಿದೆ."

ಯಾಕೆ ಅಂದೆ.

"ಮಕ್ಕಳಿರೋರು ಇಬ್ರೂ ಆ ಕ್ಲಾಸಿಗೆ ಕೂರ್ಬೇಕು. ಇಬ್ರ ಸರ್ಟಿಫಿಕೇಟೂ ಇಲ್ದೆ ಜಡ್ಜ್ ಸಹಿ ಹಾಕಲ್ಲ. ನಿಮ್ಮದು ಇದೆ. ನಿಮ್ಮ ಯಜಮಾನ್ರದ್ದು ಇಲ್ಲ. ಎರಡು ಸಲ ನೋಟೀಸ್ ಕೊಟ್ಟಿದ್ದಾರೆ, ಬಂದಿಲ್ಲ."

ನೆನಪಿದೆಯಾ ಡ್ವೈಟ್, ಆ ಕ್ಲಾಸು? ಬೇರೆಯಾಗುವ ತಂದೆತಾಯಿ ಮಗುವಿನ ಮುಂದೆ ಒಬ್ಬರನ್ನೊಬ್ಬರು ಹೇಗೆ ಬೈಯಬಾರದು ಅಂತ ಹೇಳಿಕೊಡುವ ಅರ್ಧ ದಿನದ ಪಾಠ. ನಾನು ನಮ್ಮೂರಿನ ಲೈಬ್ರರಿಯಲ್ಲಿ ಕುಳಿತು ಬಂದೆ. ನೀರುನೀರಾದ ಕಾಫಿ ಕುಡಿದು, ಅಳುವ ಮಗುವಿನ ವಿಡಿಯೋ ನೋಡಿ, ಪಕ್ಕದವಳಿಗೆ ಕರವಸ್ತ್ರ ಕೊಟ್ಟು, ಸರ್ಟಿಫಿಕೇಟನ್ನು ನಿನ್ನ ವಕೀಲನಿಗೆ ಅಂಚೆಯಲ್ಲಿ ಕಳಿಸಿದೆ. ನಿನ್ನ ಪಾಳಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರಕ್ಕೆ ಬಿದ್ದಿತ್ತು. ಓಹಾಯೊದಲ್ಲಿ ಆ ಸೋಮವಾರ ಏನೆಂದು ನಿನಗೆ ಹೇಳಬೇಕೇ? ಬಂದೂಕು ಹಿಡಿದು ಜಿಂಕೆ ಬೇಟೆಯಾಡುವ ಸೀಸನ್ ಶುರುವಾಗುವ ದಿನ. ಶಾಲೆಗಳೇ ರಜೆ ಕೊಡುತ್ತವೆ, ಇನ್ನು ನೀನು! ನಿನ್ನ ವಕೀಲ ಪಾಪ ದಿನಾಂಕ ಮುಂದೂಡಿ ಅಂತ ಅರ್ಜಿ ಕೊಟ್ಟಿದ್ದಾನೆ. ಕಾರಣ ಬರೆದಿದ್ದಾನೆ: ಕಕ್ಷಿದಾರರು ಜಿಂಕೆ ಬೇಟೆಯಲ್ಲಿದ್ದಾರೆ. ಮೇವಿಸ್ ಅದನ್ನು ನಗದೆ ಓದಿದಳು, ಆ ಪುಣ್ಯಾತ್ಗಿತ್ತಿ. ನಾನು ಏನೋ ಕಿರುಚಿದೆನಂತೆ. ಬಾಗಿಲಿನ ಪೊಲೀಸು ಒಳಗೆ ಓಡಿಬಂದ. ಮೇವಿಸ್ ಅವನಿಗೆ "ನೀನು ಹೋಗಪ್ಪ, ಇವರು ಸರಿಯಾಗೇ ಕಿರುಚ್ತಿದ್ದಾರೆ" ಅಂದಳು.

ಕಾರಿನಲ್ಲಿ ಕುಳಿತು ನಿನಗೆ ಫೋನ್ ಮಾಡಿದೆ. ಅವತ್ತು ಎತ್ತಿದೆ. ಕೇಸು ಹಾಕಿದ ಆ ಕಾಲದಲ್ಲಿ ನನಗೆ ಫೋನ್ ಮಾಡಿ "ಎಲ್ಲಾ ಮುಗೀತು, ನೀನು ಬರೋದೇ ಬೇಕಾಗ್ಲಿಲ್ಲ" ಅಂದವನು ನೀನು. ಯಾಕೆ ಹಾಗಂದೆ ಅಂತ ಕೇಳಿದರೆ ನೀನು ಕೊಟ್ಟ ಉತ್ತರ ಕಿವಿಯಲ್ಲಿ ಇನ್ನೂ ಕೊರೆಯುತ್ತಿದೆ. "ಅಯ್ಯೋ ಬಿಡೆ ವೆಲ್ಡಾ, ಅದೊಂದು ಕ್ಲಾಸು. ನನ್ನ ಮಗಳನ್ನ ಬೆಳೆಸೋದು ಹೇಳಿಕೊಡೋಕೆ ಅವ್ರು ಯಾರು? ವಕೀಲ ಹೇಗೋ ಮುಗಿಸಿರ್ತಾನೆ ಅಂದ್ಕೊಂಡೆ." ವಜಾದ ನೋಟೀಸು ಬರಲಿಲ್ಲವೇ ಅಂದೆ. "ಬಂದಿತ್ತೇನೋ" ಅಂತ ಗೊಣಗಿದೆ ನೀನು. ಬಂದಿತ್ತು. ಬಂದಿದ್ದರೂ ನೀನು ಟೆನೆಸ್ಸಿಯ ಬೆಟ್ಟದ ಮೇಲೆ, ಯಾರೂ ಯಾವ ಕಾಗದವನ್ನೂ ಕೇಳದ ಪುಟ್ಟ ಚರ್ಚಿನಲ್ಲಿ ಕಾರ್ಲಾಳನ್ನು ಮದುವೆಯಾದೆ. ಆಮೇಲೆ ದನಿ ಇಳಿಸಿ ನೀನು ಕೇಳಿದ ಮೊದಲ ಮಾತು ಎಮ್ಮೆಟ್ ಹೇಗಿದ್ದಾನೆ ಅಂತಲೂ ಅಲ್ಲ, ಕ್ಷಮಿಸು ಅಂತಲೂ ಅಲ್ಲ. "ಕಾರ್ಲಾಗೆ ಮಾತ್ರ ಹೇಳ್ಬೇಡ ಕಣೆ." ಹೊಸ ಕಾಗದಕ್ಕೆ ಸಹಿ ಹಾಕುತ್ತೇನೆ ಅಂತ ನೀನೇ ಅಂದೆ. ಆಮೇಲೆ ನಿನ್ನ ಫೋನು ಸತ್ತುಹೋಯಿತು.

ಎಮ್ಮೆಟ್‌ಗೆ ಹೇಳಿದಾಗ ಅವನು ಕೆಮ್ಮು ಹತ್ತುವವರೆಗೂ ನಕ್ಕ. "ಹಾಗಾದ್ರೆ ಇಷ್ಟು ದಿನ ನಾನು ಇನ್ನೊಬ್ಬನ ಹೆಂಡ್ತಿ ಜೊತೆ ಇದ್ನಾ? ನಮ್ಮಮ್ಮ ಬದುಕಿದ್ದಿದ್ರೆ ಚರ್ಮ ಸುಲೀತಿದ್ಲು!" ನನಗೆ ನಗು ಬರಲಿಲ್ಲ. ಹೊಸದಾಗಿ ಅರ್ಜಿ ಹಾಕಿದರೂ ತಿಂಗಳು ಕಾಯಬೇಕು, ಅವನಿಗೆ ತಿಂಗಳು ಇದೆ ಅಂತ ಯಾರೂ ಹೇಳಿರಲಿಲ್ಲ. ಅವನು ನನ್ನ ಕೈ ಹಿಡಿದು, "ಅಳ್ಬೇಡ. ಆ ಇನ್ನೊಂದು ಕಾಗದ ತರ್ಸು, ನಾಳೆ ಸಹಿ ಹಾಕ್ತೀನಿ" ಅಂದ. ಮಾರನೆಯ ಬೆಳಿಗ್ಗೆ ಪಾದ್ರಿಯೂ ನೆರೆಯವರೂ ಸಾಕ್ಷಿಗೆಂದು ಬಂದು ನಿಂತರು. ಅವನಿಗೆ ಪೆನ್ನು ಯಾವುದು, ಬೆರಳು ಯಾವುದು ತಿಳಿಯದಾಗಿತ್ತು. ನನ್ನನ್ನು ಎಂದೋ ತೀರಿಹೋದ ತನ್ನ ಅಕ್ಕ ಅಂದುಕೊಂಡ. ಬಸ್ಸು ಬಂತಾ ಅಂತ ಕೇಳಿದ.

ಶವಸಂಸ್ಕಾರದ ಆಫೀಸಿನಲ್ಲಿ ಟೈ ಕಟ್ಟಿದ ಒಬ್ಬ ಮೆದುವಾಗಿ ಕೇಳಿದ: "ನೀವು ಅವರಿಗೆ ಏನಾಗ್ಬೇಕು?" ಅವನ ಮೈ ಒರೆಸಿದವಳು, ರಾತ್ರಿಯೆಲ್ಲ ಅವನ ಬೆನ್ನು ತಿಕ್ಕಿದವಳು, ಬಾಯಿ ಬಿಡಲಾರದೆ ನಿಂತೆ. ಅಣ್ಣನ ಮಗ ಬಂದ, ಸಹಿ ಹಾಕಿದ. ಕೆಟ್ಟವನಲ್ಲ. ಮನೆತನದವರ ಗೋರಿಗಳೆಲ್ಲ ಒಂದೇ ಕಡೆ ಇರಲಿ ಅಂತ ಎಮ್ಮೆಟ್‌ನನ್ನು ಇಂಡಿಯಾನಾಕ್ಕೆ ಒಯ್ದ. ಇಲ್ಲಿ ಚರ್ಚಿನ ಹಿಂದೆ, ಮೇಪಲ್ ಮರದ ಕೆಳಗೆ, ನಾನು ಮುಂದೆ ಬಂದು ಮಲಗುವ ಜಾಗದ ಪಕ್ಕ ಇರಬೇಕೆಂದು ಎಮ್ಮೆಟ್ ಆಸೆಪಟ್ಟಿದ್ದ. ಪತ್ರಿಕೆಯ ನಿಧನವಾರ್ತೆಯಲ್ಲಿ ಅಣ್ಣನ ಮಗ, ಅವನ ಹೆಂಡತಿ, ಅವರ ಮಕ್ಕಳು ಎಲ್ಲರೂ ಬಂದ ಮೇಲೆ ಕಟ್ಟಕಡೆಗೆ ನಾನು: 'ಆಪ್ತ ಸ್ನೇಹಿತೆ ವೆಲ್ಡಾ.' ಅದನ್ನು ಓದಿದ ದಿನ ಶಾಲೆಯಲ್ಲಿ ಸೂಪಿನ ಪಾತ್ರೆ ತಳ ಹಿಡಿಸಿದೆ.

ಈಗ ನಿನ್ನ ಕೆಲಸ. ಇದರ ಜೊತೆ ವಿಚ್ಛೇದನದ ಹೊಸ ಅರ್ಜಿ ಇದೆ. ಮೇವಿಸ್ ಗುರುತು ಹಾಕಿಕೊಟ್ಟ ಜಾಗಗಳಲ್ಲಿ, ಬ್ಯಾಂಕಿನ ನೋಟರಿಯ ಮುಂದೆ ಸಹಿ ಹಾಕು. ಮಗಳು ದೊಡ್ಡವಳಾಗಿದ್ದಾಳೆ, ಯಾವ ಕ್ಲಾಸಿಗೂ ಕೂರಬೇಕಾಗಿಲ್ಲ, ಹೆದರಬೇಡ. ಸಹಿ ಬಾರದಿದ್ದರೆ ಶೆರಿಫ್‌ನ ಆಳು ಇದೇ ಕಾಗದವನ್ನು ನಿನ್ನ ಮನೆ ಬಾಗಿಲಿಗೆ ತರುತ್ತಾನೆ, ಬಾಗಿಲು ತೆರೆಯುವವಳು ಕಾರ್ಲಾ. ನೀನೇ ಮೊದಲು ಹೇಳಿಬಿಡು, ಅವಳಿಗೂ ಗೊತ್ತಾಗಬೇಕು. ಅವಳೂ ನಾಳೆ ಯಾವುದೋ ಟೇಬಲ್ಲಿನ ಮುಂದೆ ಬಾಯಿ ಬಿಡಲಾರದೆ ನಿಲ್ಲುವುದು ನನಗೆ ಬೇಡ.

ಇನ್ನು ಯಾಕೆ ಈ ವಿಚ್ಛೇದನ, ಎಮ್ಮೆಟ್ಟೇ ಇಲ್ಲವಲ್ಲ ಅಂತ ನೀನು ಕೇಳಬಹುದು. ಕೇಳುವವನೇ ನೀನು. ಹಾಗಾದರೆ ಕೇಳಿಸಿಕೋ. ನಾಳೆ ನಾನು ಸತ್ತರೆ, ನನ್ನನ್ನು ಎಲ್ಲಿ ಹೂಳಬೇಕು ಅಂತ ಈ ದೇಶದ ಕಾನೂನು ಫೋನ್ ಮಾಡಿ ಕೇಳುವುದು ನಿನ್ನನ್ನು. ಎಮ್ಮೆಟ್ ಬಗ್ಗೆ ನನಗಿಲ್ಲದ ಹಕ್ಕು ನನ್ನ ಹೆಣದ ಮೇಲೆ ನಿನಗಿದೆ. ಅದನ್ನು ನಿನ್ನ ಕೈಯಿಂದ ಕಿತ್ತುಕೊಳ್ಳದೆ ನಾನು ಸಾಯುವುದಿಲ್ಲ.

ಕಾಗದ ಮುಗಿಸುವ ಮುಂಚೆ ನಿನಗೊಂದು ಹಾರೈಕೆ, ಮನಸಾರೆ ಮಾಡುತ್ತಿದ್ದೇನೆ. ಜಡ್ಜ್ ಸಹಿ ಹಾಕುವ ದಿನದವರೆಗೆ ದೇವರು ನಿನ್ನನ್ನು ಗಟ್ಟಿಮುಟ್ಟಾಗಿ ಇಟ್ಟಿರಲಿ. ನೆಗಡಿ ಕೂಡ ಬಾರದಿರಲಿ. ಏಣಿ ಹತ್ತಬೇಡ, ಗಾಡಿ ನಿಧಾನವಾಗಿ ಓಡಿಸು, ಮಾತ್ರೆ ತಪ್ಪಿಸಬೇಡ. ಎಮ್ಮೆಟ್‌ನ ವಿಧವೆಯಾಗಲು ನನ್ನನ್ನು ಬಿಡಲಿಲ್ಲ ನೀನು. ನಿನ್ನ ವಿಧವೆಯಾಗಲು ನಾನು ಒಲ್ಲೆ.

ವೆಲ್ಡಾ