ಮೀಸೆಜ್ಜನ ಮೀಸೆ ಹೋದ ಸುದ್ದಿ

ಕುಕ್ಕುವಾಡದಿಂದ ಸೊಸೆಯಾಗಿ ಬಂದು ಕೊನೆಗೆ ನಮ್ಮನ್ನೆಲ್ಲ ಆಳಿ ಹೋದ ಅಜ್ಜೀ,

ಹಿರಿಯರ ಹಬ್ಬದ ದಿನ ಎಡೆ ಇಟ್ಟಾದ ಮೇಲೆ ನೀನು ಹೋಳಿಗೆಯ ಚೂರನ್ನು ತುಪ್ಪದಲ್ಲಿ ಅದ್ದಿ, ಸ್ಟೂಲು ಹತ್ತಿ, ಗೋಡೆಯ ಮೇಲಿನ ಚಿತ್ರದಲ್ಲಿದ್ದ ನಿನ್ನ ಮಾವನ ಬಾಯಿಗೆ ಒತ್ತುತ್ತಿದ್ದೆಯಲ್ಲ, ಅಲ್ಲಿಂದಲೇ ಶುರುಮಾಡುತ್ತೇನೆ. ನಿನ್ನ ಹಿಂದೆ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ, ಸೊಸೆಯರು, ಕೊನೆಗೆ ನಾವು ಮೊಮ್ಮಕ್ಕಳು. ಬದುಕಿದ್ದಾಗ ಮುತ್ತಜ್ಜ ಅಷ್ಟು ತುಪ್ಪ ಕಂಡಿದ್ದನೋ ಇಲ್ಲವೋ. ನಾನು ಹೆದರಿ ಗಲ್ಲಕ್ಕೆ ಮುಟ್ಟಿಸಿ ಇಳಿದುಬಿಡುತ್ತಿದ್ದೆ. "ಬಾಯಿ ಎಲ್ಲೈತೆ, ನೀ ಎಲ್ಲಿ ಇಡ್ತಿ? ಹಿರೇರ್ನ ಉಪಾಸ ಕೆಡವ್ತೀಯೇನೆ?" ಎಂದು ಗದರುತ್ತಿದ್ದೆ ನೀನು. ಬಾಯಿ ಕಂಡರೆ ತಾನೆ ಅಜ್ಜಿ? ಮೂಗಿನ ಕೆಳಗೆಲ್ಲ ಮೀಸೆಯೇ ಇತ್ತು.

ಆ ಮೀಸೆ ತೋರಿಸಿಯೇ ಅಲ್ಲವೇ ನಮ್ಮನ್ನೆಲ್ಲ ಊಟ ಮಾಡಿಸಿದ್ದು, ಮಲಗಿಸಿದ್ದು? ಅದರಿಂದಲೇ ಅವನು ಮೀಸೆಜ್ಜ, ಮಂಡಿಪೇಟೆಯ ನಮ್ಮ ಬೆಲ್ಲದ ಅಂಗಡಿ ಮೀಸೆ ಅಂಗಡಿ, ದೊಡ್ಡಪ್ಪನ ಮುಖದ ಮೇಲೂ ಅದರದೇ ನಕಲು. ಅವನ ಫೋಟೋ ಒಂದೂ ಇಲ್ಲ. ಅಂಗಡಿ ತೆರೆದಾಗ ಯಾರೋ ಊರೂರು ತಿರುಗುವ ಚಿತ್ರಕಾರನಿಂದ ಬರೆಸಿದ ಆ ಎಣ್ಣೆಬಣ್ಣದ ಚಿತ್ರವೊಂದೇ. ದೊಡ್ಡಪ್ಪ ಹುಟ್ಟುವ ಮೊದಲೇ ಅವನು ಹೋಗಿದ್ದ. ಅಜ್ಜನೂ ಹೋದ ಮೇಲೆ ಮನೆಯಲ್ಲಿ ಅವನನ್ನು ಕಣ್ಣಾರೆ ಕಂಡವಳು ನೀನೊಬ್ಬಳೇ.

ಈ ಸಲದ ಹಬ್ಬ ಹತ್ತಿರವಾದಾಗ ಅಪ್ಪ ನಿನ್ನ ಫೋಟೋಗೆ ಕಟ್ಟು ಹಾಕಿಸಿ ತಂದು ಅವನ ಪಕ್ಕ ತೂಗುಹಾಕಿದರು. ನಿನ್ನ ಪಕ್ಕ ಅವನು ಹೊಗೆಗೂಡಿನಿಂದ ಎದ್ದು ಬಂದವನಂತೆ ಕಂಡ. ಮೀಸೆಯೊಳಗಿಂದ ಇರುವೆಗಳ ಸಾಲು ಬೇರೆ. "ಎಂ.ಎ. ಮುಗ್ಸಿ ಮನ್ಯಾಗೆ ಕುಂತಾಳೆ, ಇವಳೇ ಹರಿಹರಕ್ಕೆ ಹೋಗಿ ಸರಿಮಾಡಿಸ್ಕೊಂಡು ಬರ್ಲಿ" ಎಂದರು ದೊಡ್ಡಪ್ಪ.

ಬಸ್ಸಿನಲ್ಲಿ ನಡೆದದ್ದನ್ನು ನೀನು ನೋಡಬೇಕಿತ್ತು. ನಿನ್ನ ಹಳೆಯ ಸೀರೆಯಲ್ಲಿ ಸುತ್ತಿದ್ದ ಚಿತ್ರವನ್ನು ಅಪ್ಪಿಕೊಂಡು ನಿಂತಿದ್ದೆ. ಸೆರಗು ಜಾರಿ ಮುಖ ಹೊರಗೆ ಬಂತು. ಕಿಟಕಿ ಪಕ್ಕದ ಹೆಂಗಸು ಧಡಕ್ಕನೆ ಎದ್ದು, "ಅಯ್ಯ, ಹಿರೇರು! ಇಲ್ಲಿ ಕುಂದರ್ಸವ್ವ" ಎಂದಳು. ಮುತ್ತಜ್ಜ ಕೂತ, ನಾನು ನಿಂತೆ. ಕಂಡಕ್ಟರ್ ಬಂದು ಇಬ್ಬರನ್ನೂ ನೋಡಿದ. "ನಿಂಗೆ ಫ್ರೀ ಐತವ್ವ. ಅಜ್ಜ ಗಂಡಸು, ಟಿಕೆಟ್ ಆಗ್ತೈತೆ." ಬಸ್ಸೆಲ್ಲ ನಕ್ಕಿತು. ನಾನು ನಿಜವಾಗಿಯೂ ಪರ್ಸ್ ತೆಗೆದಿದ್ದೆ.

ಹರಿಹರದಲ್ಲಿ ಹಳೆಯ ಚಿತ್ರಗಳನ್ನು ಸರಿಮಾಡುವ ನಸೀಮಾ ಮೇಡಂ ಬಾಯಿ ಮುಚ್ಚುವವರಲ್ಲ. ಹತ್ತಿಯನ್ನು ಯಾವುದೋ ದ್ರವದಲ್ಲಿ ಅದ್ದಿ ಮೀಸೆಯ ತುದಿಗೆ ಉಜ್ಜಿದವರು ಅದನ್ನು ಮೂಸಿ ನೋಡಿ ಸುಮ್ಮನಾದರು. ಆಮೇಲೆ ಮತ್ತೆ ಮೂಸಿದರು.

"ಇದು ಬಣ್ಣ ಅಲ್ಲಮ್ಮ. ತುಪ್ಪ, ಬೆಲ್ಲ, ಊದುಬತ್ತಿ ಮಸಿ. ಯಾಲಕ್ಕಿ ವಾಸನೆ ಬೇರೆ! ಏನ್ರಿ, ಚಿತ್ರಕ್ಕೆ ಊಟ ಮಾಡಿಸ್ತೀರಾ?"

"ವರ್ಷಕ್ಕೊಮ್ಮೆ" ಎಂದೆ.

"ನಿಮ್ಮ ಮುತ್ತಜ್ಜಗೆ ಮೀಸೆನೇ ಇಲ್ಲ. ನೀವೇ ಬೆಳೆಸಿರೋದು." ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಭೂತಗನ್ನಡಿ ನನ್ನ ಕೈಗಿತ್ತು ತೋರಿಸಿದರು: ಜಿಡ್ಡು ಒಣಗುತ್ತ ಅಡಿಯ ಬಣ್ಣವನ್ನು ಎಬ್ಬಿಸುತ್ತಿತ್ತು. "ಮೀಸೆ ಇಟ್ರೆ ತುಟಿ ಉದುರ್ತೈತೆ. ತುಟಿ ಬೇಕಂದ್ರೆ ಮೀಸೆ ತೆಗೀಬೇಕು. ಮನೇಲಿ ಕೇಳ್ಕೊಂಡು ಬರ್ರಿ." ಆ ಗಾಜಿನಡಿಯಲ್ಲಿ, ಗಲ್ಲದ ಮೇಲೆ, ಒಂದು ಹೆಬ್ಬೆರಳ ಗುರುತೂ ಇತ್ತು ಅಜ್ಜಿ. ಸಣ್ಣದು. ಯಾರದೆಂದು ನಾನು ಹೇಳಬೇಕೇ?

ಮನೆಯಲ್ಲಿ ಕೇಳುವುದು! ಸಾರಿಗೆ ಉಪ್ಪಿಲ್ಲದಿದ್ದರೂ ಹೇಳದೆ ಉಣ್ಣುವ ನಾನು! ವಿನೋಬನಗರದ ನಮ್ಮ ಮನೆಯಲ್ಲಿ ಅಂದು ಸಂಜೆ ಎಲ್ಲರೂ ಸೇರಿದಾಗ ತಡವರಿಸುತ್ತ ಸಂಗತಿ ಹೇಳಿದೆ. ದೊಡ್ಡಪ್ಪನ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು.

"ಮೀಸೆ ತೆಗೆದ್ರೆ ಮಂಡಿಪೇಟ್ಯಾಗೆ ನಾ ಹೆಂಗೆ ತಿರುಗ್ಯಾಡ್ಲಿ? ಮೂಗು ಕೊಯ್ದಂಗೆ ಆಗ್ತೈತೆ."

"ಮೂಗು ಇರ್ತೈತೆ ಬಿಡಣ್ಣ" ಎಂದರು ಚಿಕ್ಕಪ್ಪ.

"ನೀ ಸುಮ್ಕಿರು! ಬ್ಯಾಡ ಅಂದ್ರೆ ಬ್ಯಾಡ. ಹೆಂಗೈತೋ ಹಂಗೇ ವಾಪಸ್ ತರ್ಲಿ."

ಆಗ ಒಂದು ಮಧ್ಯಾಹ್ನ ನೆನಪಾಯಿತು. ಹಬ್ಬ ಮುಗಿದಿತ್ತು. ಮುತ್ತಜ್ಜನ ಬಾಯಿ ಒರೆಸಲೇ ಎಂದು ನಿನ್ನನ್ನು ಕೇಳಿದ್ದೆ. "ಬ್ಯಾಡ ಪುಟ್ಟವ್ವ, ಬೆಳೀಲಿ ಬಿಡು" ಎಂದು ನೀನು ಸೆರಗು ಬಾಯಿಗೆ ಹಿಡಿದು ನಕ್ಕಿದ್ದೆ. ನಿನಗೆ ಗೊತ್ತಿತ್ತು, ಅಲ್ಲವೇ? ಮೂರು ಗಂಡುಮಕ್ಕಳನ್ನು ಹದ್ದುಬಸ್ತಿನಲ್ಲಿಡಲು ಬೋಳು ಬಾಯಿಯ ಮಾವ ಸಾಲುವುದಿಲ್ಲ ಅಂತಲೋ, ಇಲ್ಲಾ ಸುಮ್ಮನೆ ತಮಾಷೆಗೋ... ಒಂದು ಮಾತು ನನಗಾದರೂ ಹೇಳಿ ಹೋಗಬಾರದಿತ್ತೇ?

ಹೇಗೆ ಬಾಯಿ ಬಂತೋ ತಿಳಿಯದು. "ದೊಡ್ಡಪ್ಪ, ಅದು ಮೀಸೆ ಅಲ್ಲ, ಅಜ್ಜಿ ತಿನ್ನಿಸಿದ ಹೋಳಿಗೆ. ಹೋಳಿಗೆ ಉಳಿಸ್ಕೊಂಡ್ರೆ ತಿನ್ನೋ ಬಾಯೇ ಇರಲ್ಲ" ಎಂದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೂ ಗೊತ್ತಿರಲಿಲ್ಲ. ಅಡಿಗೆಮನೆಯಿಂದ ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು.

ದೊಡ್ಡಪ್ಪ ಮೀಸೆಯಿಂದ ಕೈ ತೆಗೆದರು. ನೆಲ ನೋಡುತ್ತ ಹೇಳಿದರು: "ನಾ ಸಣ್ಣವ ಇದ್ದಾಗ ಆ ಮೀಸೆ ಇಷ್ಟಿರಲಿಲ್ಲ ಅಂತ ಒಂದೊಂದ್ಸಲ ಅನ್ನಿಸ್ತಿತ್ತು. ಚಿತ್ರದ ಮೀಸೆ ಬೆಳೀತೈತೆ ಅಂದ್ರೆ ಜನ ನಗ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ." ಜನ ನಕ್ಕರು, ಅಲ್ಲೇ. "ತೆಗೀಲಿ. ಆದ್ರೆ ಅಂಗಡಿ ಬೋರ್ಡು ಮುಟ್ಟಂಗಿಲ್ಲ!"

ಚಿತ್ರ ಬಿಡಿಸಿಕೊಂಡು ಬರಲು ಹೋದ ದಿನ ನಸೀಮಾ ಮೇಡಂ ಬಟ್ಟೆ ಸರಿಸಿದರು. ತೆಳ್ಳನೆಯ ತುಟಿ, ತುಸು ಮುಂದೆ ಬಂದ ಹಲ್ಲು, ಏನೋ ಕೇಳಬೇಕೆಂದುಕೊಂಡು ಹೇಗೆ ಕೇಳಲಿ ಎಂದು ತಡೆದುಕೊಂಡ ಮುಖ. ಇವನಿಗಾ ನಾನು ಹೆದರಿ ಅನ್ನ ನುಂಗಿದ್ದು? ಮಾತಿನ ಮಲ್ಲರ ಈ ಮನೆಯಲ್ಲಿ ನಾನು ಯಾರನ್ನು ಹೋಲುತ್ತೇನೆಂದು ಎಲ್ಲರೂ ಕೇಳುತ್ತಿದ್ದರು. ಉತ್ತರ ಗೋಡೆಯ ಮೇಲೇ ಇತ್ತು, ಹೋಳಿಗೆಯಡಿ.

ಮೊನ್ನೆ ಹಬ್ಬವಾಯಿತು. ಮುತ್ತಜ್ಜನನ್ನು ಯಾರೂ ಮುಟ್ಟಬಾರದು, ತಟ್ಟೆ ಎದುರಿಗಿಟ್ಟರೆ ಸಾಕು ಎಂದು ಮೇಡಂ ತಾಕೀತು ಮಾಡಿದ್ದರು. ದೊಡ್ಡಪ್ಪ ರೂಢಿಯಂತೆ ಸ್ಟೂಲು ಹತ್ತಿಬಿಟ್ಟಿದ್ದರು. ಚೂರು ಬೆರಳಲ್ಲಿ, ತುಪ್ಪ ಮೊಣಕೈವರೆಗೆ, ಎಲ್ಲಿಡಬೇಕೆಂದು ತಿಳಿಯದು. ಆಚೆ ಈಚೆ ನೋಡಿ ನಿನ್ನ ಕಡೆ ತಿರುಗಿದರು. "ಅವ್ವ, ನೀನಾದ್ರೂ ತಿನ್ನು" ಎಂದರು. ಚೂರನ್ನು ನಿನ್ನ ತುಟಿಗೆ ಒತ್ತಿದರು. ಆಮೇಲೆ ಯಾರನ್ನು ತಡೆಯುವುದು? ಎಲ್ಲರೂ ತಿನ್ನಿಸಿದೆವು.

ಸಂಜೆ ಚಿಕ್ಕಮ್ಮ ಒದ್ದೆ ಬಟ್ಟೆ ತಂದು, "ಗಾಜಲ್ವಾ, ಒರೆಸಿದ್ರೆ ಹೋಗ್ತೈತೆ" ಎಂದಳು. ಬೇಡವೆಂದೆ. ಎರಡನೆಯ ಸಲ ಹೇಳಬೇಕಾಗಲಿಲ್ಲ.

ಹೀಗಾಗಿ ಸದ್ಯಕ್ಕೆ ನಿನ್ನ ಮೇಲ್ತುಟಿಯ ಮೇಲೆ ಎಳೆಯ ಮೀಸೆಯೊಂದು ಕಾಣುತ್ತಿದೆ ಅಜ್ಜಿ. ಇರುವೆ ಬರದಂತೆ ನೋಡಿಕೊಳ್ಳುವ ಹೊಣೆ ನನ್ನದು.

ನಿನ್ನ
ಪುಟ್ಟವ್ವ