ಕುಂಟುವ ಕಾಲು

ಮಾರ್ಚ್ ೯, ಸೋಮವಾರ

ಸಲಿಕೆ ಹಿಡಿದ ಅಂಗೈ ಇನ್ನೂ ಉರಿಯುತ್ತಿದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ರಕ್ತದ ವಾಸನೆ ಹೋಗುತ್ತಿಲ್ಲ.

ಇವರು ಮೊನ್ನೆ ಏಣಿಯಿಂದ ಜಾರಿ ಕಾಲು ಉಳುಕಿಸಿಕೊಂಡಿದ್ದರು. ಇವತ್ತು ಮಾಂಸದ ಬುಟ್ಟಿ ಹಿಡಿದು ಕುಂಟುತ್ತಾ ಹಿತ್ತಲಿಗೆ ಹೋದರು. ಅಲ್ಲಿರುವುದು ತೋಳಕ್ಕೂ ನಾಯಿಗೂ ಹುಟ್ಟಿದ ಒಂದು ಜೋಡಿ, ಇವರೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಹೆಣ್ಣು ಬೋನಿನಲ್ಲಿತ್ತು. ಹೊರಗಿದ್ದ ಗಂಡು ಬುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ, ಉಳುಕಿದ ಕಾಲನ್ನೇ ನೋಡಿತು. ಗುರುಗುಟ್ಟಲೂ ಇಲ್ಲ. ಮೀನಖಂಡಕ್ಕೆ ಬಾಯಿ ಹಾಕಿ ನೆಲಕ್ಕೆ ಕೆಡವಿ, ಒದ್ದೆ ಬಟ್ಟೆ ಕೊಡವಿದ ಹಾಗೆ ಕೊಡವಿತು.

ಸಲಿಕೆಯಿಂದ ಅದರ ತಲೆಗೆ ಹೊಡೆದೆ. ಬುರುಡೆ ಒಡೆದ ಸದ್ದು ಕೇಳಿದ ಮೇಲೂ ಹೊಡೆಯುತ್ತಲೇ ಇದ್ದೆ. ಇವು ಬೇಡ ಎಂದು ವರ್ಷಗಟ್ಟಲೆ ಬಾಯಿ ಬಡಿದುಕೊಂಡವಳು ನಾನು. ನಿಜ ಹೇಳಬೇಕೆಂದರೆ, ಹಿತವಾಗಿತ್ತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಳ್ಳುತ್ತಲೇ ಇವರು ಹೇಳಿದರು, "ಅದರ ತಪ್ಪಲ್ಲ ಕಣೇ. ಹೆಣ್ಣಿಗೆ ಏನೂ ಮಾಡ್ಬೇಡ, ಪಾಪದ್ದು."

ಆಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ನರ ಹರಿದಿದೆಯಮ್ಮ. ಇನ್ನು ಜೀವನಪೂರ್ತಿ ಕುಂಟಬೇಕಾಗುತ್ತೆ."

ಹೆಣ್ಣು ಬೋನಿನಲ್ಲಿ ಎದ್ದು ನಿಂತು ಬಾಗಿಲ ಕಡೆಯೇ ನೋಡುತ್ತಿದೆ. ಸಲಿಕೆಯನ್ನು ನಾನಿನ್ನೂ ತೊಳೆದಿಲ್ಲ. ನಾಳೆ ಇವರು ಕುಂಟುತ್ತಾ ಮನೆಗೆ ಬರುವ ಮುಂಚೆ ಅದಕ್ಕೆ ಇನ್ನೊಂದು ಕೆಲಸವಿದೆ.