ಹಳೆಯ ಮಳೆಯನ್ನು ನಂಬಿದ ಇಬ್ಬರು

ನಗರದ ಮಳೆನೀರು ಚರಂಡಿ ವಿಭಾಗದ ಮುಖ್ಯ ಇಂಜಿನಿಯರ್ ಅವರಿಗೆ,

ಮಾನ್ಯರೇ ಎಂದು ಕರೆಯಬೇಕಿತ್ತು. ಬಾಯಿ ಬರಲಿಲ್ಲ.

ನನ್ನ ಚಿಕ್ಕಪ್ಪ ನಿಮ್ಮ ಮೋರಿಯ ನೀರಿನಲ್ಲಿ ಮುಳುಗಿ ಸತ್ತರು. ಅದರ ಬಗ್ಗೆ ನಿಮ್ಮ ಕಚೇರಿ ತನಿಖೆ ನಡೆಸಿ, ತಾವು ಸಹಿ ಹಾಕಿ, ವರದಿ ಹೊರಬಂದಿದೆ. “ನೀರು ಏರುತ್ತಿರುವುದನ್ನು ಕಂಡರೂ ಮೃತರು ಸ್ಥಳ ಬಿಟ್ಟು ಕದಲದೆ ನಿರ್ಲಕ್ಷ್ಯ ತೋರಿದ್ದಾರೆ. ಅಂದು ಸುರಿದದ್ದು ನೂರು ವರ್ಷಕ್ಕೊಮ್ಮೆ ಬರುವಂಥ ಅಸಾಮಾನ್ಯ ಮಳೆಯಾದ್ದರಿಂದ ಇಲಾಖೆಯ ಲೋಪ ಕಂಡುಬಂದಿಲ್ಲ.” ಮೊದಲ ವಾಕ್ಯದಲ್ಲಿ ತಪ್ಪು ಸತ್ತವರದು, ಎರಡನೆಯದರಲ್ಲಿ ಆಕಾಶದ್ದು. ಎರಡರ ನಡುವಿನ ಸಂದಿಯಲ್ಲಿ ತಾವು ಷರಾಯಿಯ ಅಂಚೂ ಒದ್ದೆಯಾಗದಂತೆ ದಾಟಿಹೋದಿರಿ. ಹುಟ್ಟಿದಾಗಿನಿಂದ ವೇದಿಕೆಯ ಮೇಲೆ ಪ್ರವೇಶ, ನಿರ್ಗಮನ ಮಾಡಿಕೊಂಡೇ ಬಂದವನು ನಾನು. ಇಷ್ಟು ಸೊಗಸಾದ ನಿರ್ಗಮನ ನನಗೆ ಒಮ್ಮೆಯೂ ಒಲಿದಿಲ್ಲ.

ನಾವು ನಾಟಕದವರು. ತಗ್ಗಿನ ಬೀದಿಯ ಹಳೆಯ ನಾಟಕದ ಮನೆ ನಮ್ಮದೇ. ತೂಕಕ್ಕೋ ಗಂಟಲಿಗೋ ಗೊತ್ತಿಲ್ಲ, ರಾಜನ ಪಾತ್ರ ಯಾವಾಗಲೂ ನನ್ನ ಪಾಲಿಗೆ. ನನ್ನ ಹೆಂಡತಿ ಗುಡುಗು ಮಳೆಗಳ ಒಡತಿ. ತಗಡು ಅಲ್ಲಾಡಿಸಿದರೆ ಗುಡುಗು, ಒಣ ಬಟಾಣಿ ತುಂಬಿದ ಪೀಪಾಯಿ ಉರುಳಿಸಿದರೆ ಮಳೆ. ಚಿಕ್ಕಪ್ಪ ಪ್ರಾಂಪ್ಟರ್. ವೇದಿಕೆಯ ಮುಂಭಾಗದಲ್ಲಿ ನೆಲ ಅಗೆದು ಕಟ್ಟಿದ ಗುಳಿಯೊಳಗೆ ಕುಳಿತು, ತಲೆ ತೂರುವಷ್ಟೇ ಅಗಲದ ಕಿಂಡಿಯಿಂದ ನಮ್ಮ ಕಾಲುಗಳನ್ನು ನೋಡುತ್ತ, ಮರೆತವರಿಗೆ ಮಾತು ಎತ್ತಿಕೊಡುವುದು ಅವರ ಕೆಲಸ. ಎಲ್ಲರೂ ಅವರನ್ನು ಗುಳಿರಾಯರು ಎನ್ನುತ್ತಿದ್ದರು. ಮೇಲೆ ರಾಜ ನಾನಾದರೂ ಆಳುತ್ತಿದ್ದದ್ದು ಅವರು. ಅರ್ಧ ಉಸಿರು ತಡವಾದರೆ ಸಾಕು, ಕೆಳಗಿನಿಂದ ಮಾತು ಬಂದುಬಿಡುತ್ತಿತ್ತು, ಅದರ ಬಾಲಕ್ಕೆ ಒಂದು ಸಣ್ಣ ಬೈಗುಳವೂ ಅಂಟಿಕೊಂಡಿರುತ್ತಿತ್ತು.

ಆ ಗುಳಿಗೂ ನಿಮ್ಮ ದೊಡ್ಡ ಮೋರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಮೊದಲು ಬಂದದ್ದು ನಮ್ಮ ಗುಳಿ. ಮೋರಿಯನ್ನು ಅದರ ಮಗ್ಗುಲಿಗೆ ತಂದು ಮಲಗಿಸಿದ್ದು ನಿಮ್ಮ ಇಲಾಖೆ. ಜೋರು ಮಳೆ ಬಂದಾಗಲೆಲ್ಲ ಗೋಡೆ ಒಸರಿ ಗುಳಿಯಲ್ಲಿ ಕಣಕಾಲುದ್ದ ನೀರು ನಿಲ್ಲುತ್ತಿತ್ತು. ಅದಕ್ಕೆಂದೇ ಚಿಕ್ಕಪ್ಪ ಒಂದು ಮಣೆ ಇಟ್ಟುಕೊಂಡಿದ್ದರು. ಕಾಲು ಎತ್ತಿ ಮಣೆಯ ಮೇಲೆ ಇಟ್ಟರೆ ಮುಗಿಯಿತು. ನಾಟಕ ಮುಗಿಯುವ ಹೊತ್ತಿಗೆ ನೀರೂ ಬಂದ ದಾರಿ ಹಿಡಿದಿರುತ್ತಿತ್ತು. ಯೌವನದಿಂದ ಮುಪ್ಪಿನ ತನಕ ಅವರು ಕಂಡ ಮಳೆ ಇದು. ಎಷ್ಟು ಬರುತ್ತದೆ, ಎಲ್ಲಿಗೆ ನಿಲ್ಲುತ್ತದೆ, ಯಾವಾಗ ಹೋಗುತ್ತದೆ, ಎಲ್ಲ ಗೊತ್ತಿದ್ದ ಮಳೆ.

ಅಂದು ಸಂಜೆ ಮಧ್ಯಾಹ್ನದ ಮೋಡ ಇನ್ನೂ ಕದಲಿರಲಿಲ್ಲ. ಬಣ್ಣ ಹಚ್ಚಿಕೊಳ್ಳುತ್ತಿದ್ದಾಗಲೇ ನನ್ನ ಹೆಂಡತಿಗೆ ಏನೋ ಸರಿಕಾಣಲಿಲ್ಲ.

“ಮಾವ, ಈವತ್ತು ಕೆಳಗೆ ಬೇಡ. ಪರದೆ ಪಕ್ಕ ನಿಂತೇ ಹೇಳಿಕೊಡಿ.”

“ಮಳೆಗಾಲದಲ್ಲಿ ನೀರು ಬರದೆ ಹಾಲು ಬರುತ್ತೇನಮ್ಮ? ಈ ನೀರು ನಂಗೆ ನಿನ್ನ ಗಂಡನಿಗಿಂತ ಚೆನ್ನಾಗಿ ಗೊತ್ತು. ಅವನಾದ್ರೂ ಮಾತು ತಪ್ತಾನೆ, ಇದು ಕಣಕಾಲು ದಾಟಲ್ಲ.” ಹೀಗೆಂದು ನನ್ನ ಕಡೆ ತಿರುಗಿ, “ಏನಪ್ಪ ಮಹಾರಾಜ, ಮೂರನೇ ಅಂಕದಲ್ಲಿ ಎಲ್ಲಿ ಮರೀತೀಯ, ಈಗ್ಲೇ ಹೇಳ್ಬಿಡು” ಎಂದು ವೇದಿಕೆಯಡಿಯ ಇಕ್ಕಟ್ಟಾದ ದಾರಿಯಲ್ಲಿ ಬಗ್ಗಿಕೊಂಡು ಹೋದರು. ಗುಳಿಗೆ ಇಳಿಯಲೂ ಹತ್ತಲೂ ಅದೊಂದೇ ದಾರಿ.

ಮೂರನೇ ಅಂಕದಲ್ಲಿ ಬಿರುಗಾಳಿಯ ದೃಶ್ಯ. ಹೊರಗೆ ಮಳೆ, ಒಳಗೆ ಬಟಾಣಿಯ ಮಳೆ. ಯಾವುದು ಯಾವುದೆಂದು ನಮಗೇ ತಿಳಿಯದಷ್ಟು ಗದ್ದಲ. ಗುಳಿಯೊಳಗಿಂದ ಹಲಗೆ ಕುಟ್ಟಿದ ಸದ್ದು ಕೇಳಿತು. ನಮ್ಮಲ್ಲಿ ಅದರ ಅರ್ಥ ಒಂದೇ: ಜೋರಾಗಿ ಮಾತಾಡಿ, ನೀವು ಯಾವ ಮಾತಿನಲ್ಲಿದ್ದೀರಿ ಎಂದು ನನಗೆ ಕೇಳಿಸುತ್ತಿಲ್ಲ. ನಾನು ದನಿ ಏರಿಸಿದೆ. ಕೆಳಗಿನಿಂದ ಮಾತು ಮತ್ತೆ ಸರಿಯಾಗಿ ಬರತೊಡಗಿತು. ಗಮನಿಸಿ ಇಂಜಿನಿಯರ್ ಅವರೇ, ಆ ಮನುಷ್ಯ ಕುಟ್ಟಿದ್ದು ಸಹಾಯಕ್ಕಾಗಿ ಅಲ್ಲ, ಕೆಲಸಕ್ಕಾಗಿ. ನಿಮ್ಮ ವರದಿ ನಿರ್ಲಕ್ಷ್ಯ ಎಂದು ಕರೆದದ್ದು ಇದನ್ನು.

ಸೇನಾಪತಿಯ ದ್ರೋಹ ತಿಳಿದು ನಾನು ಶಾಪ ಹಾಕುವ ಘಟ್ಟದಲ್ಲಿ ಮಾತು ಮರೆತೆ. ಯಾವಾಗಲೂ ಮರೆಯುವ ಜಾಗವೇ ಅದು. ಕೈ ಎತ್ತಿ, ಕಣ್ಣು ಕೆಂಡ ಮಾಡಿ, ಮಾತಿಗಾಗಿ ಕಾದೆ. ಬರಲಿಲ್ಲ. ಜನ ಇದನ್ನು ನಟನೆ ಎಂದುಕೊಂಡು ಉಸಿರು ಬಿಗಿಹಿಡಿದರು. ಮತ್ತೂ ಕಾದೆ. ಬೈಗುಳವೂ ಬರಲಿಲ್ಲ. ಬಗ್ಗಿ ನೋಡಿದರೆ ಕಿಂಡಿಯ ಅಂಚಿನ ತನಕ ಕಪ್ಪು ನೀರು ಸುಳಿ ತಿರುಗುತ್ತಿತ್ತು. ಮೋರಿ ತುಂಬಿ ಬಿರಿದು, ಗೋಡೆ ಒಂದೇ ಏಟಿಗೆ ಕುಸಿದಿತ್ತು. ಚಿಕ್ಕಪ್ಪಾ ಎಂದು ನಾನು ಕೂಗಿದ್ದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸೊಂಟದ ಕತ್ತಿ ಹಿರಿದು ಹಲಗೆಗೆ ಹೊಡೆದೆ. ತಗಡಿನ ಕತ್ತಿ, ಮಡಚಿಕೊಂಡಿತು. ಬಡಗಿ ಹಾರೆ ತಂದು ಹಲಗೆ ಕಿತ್ತು ಮೇಲೆತ್ತುವ ಹೊತ್ತಿಗೆ ಅವರ ಮೈ ತಣ್ಣಗಾಗಿತ್ತು.

ಇನ್ನು ನಿಮ್ಮ ನೂರು ವರ್ಷದ ಮಳೆಗೆ ಬರೋಣ. ಚಿಕ್ಕಪ್ಪ ಸತ್ತದ್ದು ಅಂಥ ಮಳೆಯಲ್ಲಂತೆ. ಹಿಂದಿನ ವರ್ಷ ಆಸ್ಪತ್ರೆಯ ನೆಲಮಹಡಿ ಮುಳುಗಿದಾಗ ಬಂದದ್ದೂ ಅಂಥದ್ದೇ ಎಂದು ನಿಮ್ಮದೇ ಹೇಳಿಕೆ. ಅದಕ್ಕೂ ಹಿಂದೆ ಬಸ್ ನಿಲ್ದಾಣದಲ್ಲಿ ಬಸ್ಸುಗಳು ತೇಲಿದಾಗ ಬಂದದ್ದೂ ಅದೇ. ನೂರು ವರ್ಷಕ್ಕೊಮ್ಮೆ ಬರಬೇಕಾದ ನೆಂಟ ಹೀಗೆ ವರ್ಷ ವರ್ಷ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದರೆ, ಅವನು ನೆಂಟನೋ ಮನೆಯವನೋ? ಹವಾಮಾನ ಕಚೇರಿ ನಮ್ಮ ನಗರದ ಹಲವು ದಶಕಗಳ ಮಳೆಯನ್ನು ಅಳೆದು, ಎಲ್ಲರೂ ಓದಲೆಂದು ಪ್ರಕಟಿಸಿದೆ. ನಾನೂ ಓದಿದೆ. ವರ್ಷದ ಒಟ್ಟು ಮಳೆ ಹೆಚ್ಚುಕಡಿಮೆ ಅಷ್ಟೇ ಇದೆ. ಮಳೆ ಬೀಳುವ ದಿನಗಳು ಕಡಿಮೆಯಾಗಿವೆ. ಆದರೆ ಹುಚ್ಚೆದ್ದು ಸುರಿಯುವ ದಿನಗಳು, ನಮ್ಮ ಅಜ್ಜಂದಿರು ಮೊಮ್ಮಕ್ಕಳಿಗೆ ಕಥೆಯಾಗಿ ಹೇಳುತ್ತಿದ್ದಂಥ ದಿನಗಳು, ದಶಕದಿಂದ ದಶಕಕ್ಕೆ ಏರುತ್ತಲೇ ಬಂದಿವೆ. ತಾವು ಮಾತ್ರ ಪ್ರತಿ ವರ್ಷ ಪತ್ರಿಕೆಗಳ ಮುಂದೆ ಸರಾಸರಿ ಮಳೆ ಸಹಜವಾಗಿದೆ ಎನ್ನುತ್ತೀರಿ. ಮೂರು ಅಂಕ ತುಟಿ ಬಿಚ್ಚದ ನಟ ನಾಲ್ಕನೆಯದರಲ್ಲಿ ಇಡೀ ನಾಟಕದ ಮಾತನ್ನು ಒಂದೇ ಉಸಿರಿಗೆ ಒದರಿದರೆ, ಸರಾಸರಿಯಲ್ಲಿ ಅವನೂ ಸರಿಯಾಗಿಯೇ ಮಾತಾಡಿದಂತಾಯಿತು. ಜನ ಅವನಿಗೆ ಏನು ಎಸೆಯುತ್ತಾರೆ ಎಂಬುದು ನಮಗೆ ಗೊತ್ತು. ನಿಮಗೂ ಗೊತ್ತಾಗುವ ಕಾಲ ಬಂದಿದೆ.

ವಿಚಾರಣೆಯ ದಿನ ನಿಮಗೆ ನೆನಪಿರಬಹುದು. ಮೇಲಿನ ಮಹಡಿಯ ಆ ಕೋಣೆ, ಗಾಜಿನ ಮೇಜು, ಗೋಡೆಯ ಮೇಲೆ ನೀಲಿ ಗೆರೆಗಳ ನಗರದ ನಕ್ಷೆ. ಚಿಕ್ಕಮ್ಮನನ್ನು ಕುರ್ಚಿಯ ತುದಿಯಲ್ಲಿ ಕೂರಿಸಿ ತಾವು ಕನ್ನಡಕ ಒರೆಸಿಕೊಂಡು ಕೇಳಿದಿರಿ, “ಅಲ್ಲಮ್ಮ, ನೀರು ಬರ್ತಿರೋದು ಕಂಡ್ಮೇಲೂ ಅವರು ಯಾಕೆ ಅಲ್ಲೇ ಕೂತಿದ್ರು?”

“ಯಾವಾಗ್ಲೂ ಬಂದು ಹೋಗ್ತಿತ್ತಲ್ಲ ಸಾರ್. ಈ ಸಲಾನೂ ಹೋಗುತ್ತೆ ಅಂದ್ಕೊಂಡ್ರು.”

ಅದನ್ನು ಬರೆಸಿಕೊಂಡಿರಿ. ಬೇಕಾದದ್ದು ಸಿಕ್ಕಿತೆಂಬ ಸಮಾಧಾನ ಮುಖದ ಮೇಲೆ ಕಂಡಿತು. ಅಷ್ಟರಲ್ಲಿ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಆ ಮೋರಿಯನ್ನು ಯಾವ ಮಳೆಗೆಂದು ಕಟ್ಟಿದ್ದು ಎಂದು ಕೇಳಿದಳು. ತಾವು ಹೆಮ್ಮೆಯಿಂದಲೇ ಉತ್ತರಿಸಿದಿರಿ, “ಅದೆಲ್ಲ ಹಿಂದಿನ ಮಳೆ ನೋಡಿಯೇ ಮಾಡಿರೋದಮ್ಮ. ಇಷ್ಟು ವರ್ಷ ಹೀಗೇ ಬಂದಿದೆ, ಇಷ್ಟೇ ಬರುತ್ತೆ ಅಂತ. ಅನುಭವ ಇರುತ್ತಲ್ಲ.”

“ಹಂಗಾದ್ರೆ ನಮ್ಮನೆಯವ್ರು ಮಾಡಿದ್ದೂ ಅದೇ ಅಲ್ವಾ ಸಾರ್?”

ಟೈಪಿಸ್ಟ್ ಕೈ ನಿಲ್ಲಿಸಿದ. ತಾವು ಲೋಟ ಎತ್ತಿ ನೀರು ಕುಡಿದಿರಿ. ವರದಿಯಲ್ಲಿ ಚಿಕ್ಕಮ್ಮನ ಉತ್ತರ ಇದೆ, ಪ್ರಶ್ನೆ ಇಲ್ಲ.

ಆ ಪ್ರಶ್ನೆಯನ್ನು ಈಗ ನಾನು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದೇನೆ. ಹಳೆಯ ಮಳೆಯನ್ನು ನಂಬಿದವರು ಇಬ್ಬರು. ಒಬ್ಬರು ಮಣೆಯ ಮೇಲೆ ಕಾಲಿಟ್ಟು ಗುಳಿಯಲ್ಲಿ ಕೂತರು, ಇನ್ನೊಬ್ಬರು ಹಳೆಯ ಕೋಷ್ಟಕದ ಮೇಲೆ ಕೈಯಿಟ್ಟು ಮಹಡಿಯಲ್ಲಿ ಕೂತರು. ಮಳೆ ಬದಲಾಗಿದೆ ಎಂದು ಗುಳಿಯವರಿಗೆ ಯಾರೂ ಹೇಳಿರಲಿಲ್ಲ. ಮಹಡಿಯವರ ಮೇಜಿಗೆ ಹವಾಮಾನ ಕಚೇರಿ ವರ್ಷ ವರ್ಷವೂ ಅದರ ಲೆಕ್ಕ ಕಳಿಸಿದೆ. ಹೀಗಿರುವಾಗ ನಿರ್ಲಕ್ಷ್ಯ ಎಂಬ ಪದ ಯಾರ ಕೊರಳಿಗೆ ಅಳತೆ ಸರಿಹೊಂದುತ್ತದೆ? ಗುಳಿಯವರು ನಂಬಿದ್ದಕ್ಕೆ ತಮ್ಮ ಪ್ರಾಣ ಕೊಟ್ಟರು. ತಾವು ನಂಬಿದ್ದಕ್ಕೂ ಕೊಟ್ಟದ್ದು ಅವರ ಪ್ರಾಣವನ್ನೇ.

ನನಗೆ ನ್ಯಾಯ ಮಾತ್ರ ಸಾಕು, ಸೇಡು ಬೇಡ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಆದರೆ ಸುಳ್ಳಾಗುತ್ತದೆ. ನನಗೆ ಸೇಡೂ ಬೇಕು. ಕೈಯಲ್ಲಿರುವ ಕತ್ತಿ ತಗಡಿನದು, ಆದ್ದರಿಂದ ಇರುವ ವಿದ್ಯೆಯನ್ನೇ ಬಳಸುತ್ತೇನೆ. ಹವಾಮಾನ ಕಚೇರಿ ಅತಿ ಭಾರಿ ಮಳೆ ಎಂದು ದಾಖಲಿಸಿದ ಪ್ರತಿ ದಿನದ ಮರುದಿನ ನಮ್ಮ ಮಂಡಳಿ ನಿಮ್ಮ ಕಚೇರಿಯ ಗೇಟಿನ ಎದುರು ಆ ವಿಚಾರಣೆಯನ್ನು ಆಡಿ ತೋರಿಸುತ್ತದೆ. ನಿಮ್ಮ ಪಾತ್ರ ನನ್ನದು. ಕನ್ನಡಕ ಒರೆಸುವುದು, ಮಾತಿಗೆ ಮೊದಲು ಕೆಮ್ಮುವುದು, ಲೋಟ ಎತ್ತುವಾಗ ಕಿರುಬೆರಳು ದೂರ ಹಿಡಿಯುವುದು, ಎಲ್ಲ ಅಭ್ಯಾಸವಾಗಿದೆ. ಹೆಂಡತಿ ನೋಡಿ ಒಂದು ಕ್ಷಣ ಬೆಚ್ಚಿದಳು. ಹಿಂದಿನ ಕಾಲದ ಮಳೆಯಾಗಿದ್ದರೆ ನಿಮ್ಮ ನಿವೃತ್ತಿಯೊಳಗೆ ಒಂದೋ ಎರಡೋ ಆಟ ಆಡಿ ಸುಮ್ಮನಾಗಬೇಕಿತ್ತು. ಈಗಿನ ಮಳೆ ನಮ್ಮ ಕೈಬಿಡುವುದಿಲ್ಲ. ಬೇಕಾದರೆ ಪೊಲೀಸರನ್ನು ಕರೆಸಿ. ಅವರ ಠಾಣೆಯೂ ತಗ್ಗಿನ ಬೀದಿಯಲ್ಲೇ ಇದೆ, ಮೊಳಕಾಲುದ್ದ ನೀರಿನಲ್ಲಿ ನಿಂತು ಅವರಿಗೂ ರೂಢಿಯಾಗಿದೆ. ಮುಂದಿನ ಸಾಲಿನ ಕುರ್ಚಿ ಅವರಿಗೇ ಬಿಡುತ್ತೇವೆ.

ಈ ಆಟ ನಿಲ್ಲಿಸುವ ಶಕ್ತಿ ನಿಮ್ಮೊಬ್ಬರಿಗೇ ಇದೆ. ಮೋರಿಗಳನ್ನು ಈಗ ಬೀಳುತ್ತಿರುವ ಮಳೆಗೆ ತಕ್ಕಂತೆ ಹೊಸದಾಗಿ ಲೆಕ್ಕಹಾಕಿ ಕಟ್ಟಿ. ಇದು ಬೇಡಿಕೆಯಲ್ಲ, ತಾವು ಸಂಬಳ ಪಡೆಯುವ ಕೆಲಸ. ನನ್ನ ಬೇಡಿಕೆ ಬೇರೆ. ಚಿಕ್ಕಪ್ಪನ ಮೇಲಿನ ಆ ವಾಕ್ಯವನ್ನು ಹೊಡೆದುಹಾಕಿ, ಅದೇ ಜಾಗದಲ್ಲಿ ನಿಮ್ಮ ಕೈಯಾರೆ ಹೀಗೆ ಬರೆಯಬೇಕು: “ಮಳೆ ಬದಲಾಗುತ್ತಿರುವುದನ್ನು ಕಂಡರೂ ಮುಖ್ಯ ಇಂಜಿನಿಯರ್ ಕುರ್ಚಿ ಬಿಟ್ಟು ಕದಲದೆ ನಿರ್ಲಕ್ಷ್ಯ ತೋರಿದ್ದಾರೆ.” ಬರೆದು ಕಳಿಸಿದರೆ ಸಾಲದು. ತಗ್ಗಿನ ಬೀದಿಗೆ ಬಂದು, ಚಿಕ್ಕಮ್ಮನ ಎದುರು ನಿಂತು, ಓದಬೇಕು. ಅವಳಿಗೆ ಕಿವಿ ಸ್ವಲ್ಪ ಮಂದ. ಜೋರಾಗಿ ಓದಿ.

ಇಂತಿ,
ತಮ್ಮ ವಿಧೇಯನಾಗಲು ಒಲ್ಲದ,
ಮಾತು ಮರೆತರೆ ಎತ್ತಿಕೊಡುವವರಿಲ್ಲದ
ಒಬ್ಬ ಮುದಿ ಮಹಾರಾಜ